ಓದುಗರ ಪ್ರಶ್ನೆ: ಬೆಳಕು ಕಾಣುವ ಪ್ಲಾಸ್ಟಿಕ್ಕು ಕತ್ತಲಲ್ಲಿ ಸುಮ್ಮನಿರಬೇಕು

ಹೋದ ಸಂಚಿಕೆಯಲ್ಲಿ, ಬೆಳಕು ಬಿದ್ದರೆ ಕರೆಂಟು ಹರಿಸುವ ಪ್ಲಾಸ್ಟಿಕ್ ಬಗ್ಗೆ, ಅದರಿಂದ ಮಾಡುವ ಬೆಳಕಿನ ಸೆನ್ಸರ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಇಂಥ ಅರೆವಾಹಕ ಪಾಲಿಮರ್‌ಗಳನ್ನು (ಸರಪಳಿಯಂಥ ಉದ್ದ ಅಣುಗಳ ಪ್ಲಾಸ್ಟಿಕ್ಕು) ತಯಾರಿಸುವುದೇ ನನ್ನ ಕೆಲಸ. ಇಪ್ಪತ್ತು ವರ್ಷದಿಂದ ಕೈಗೆ ಗ್ಲೌಸ್ ಹಾಕಿಕೊಂಡು ಅದನ್ನೇ ಮಾಡುತ್ತಿದ್ದೇನೆ. ಇದರಲ್ಲಿ ಯಾರಿಗೆ ಆಸಕ್ತಿ ಇರುತ್ತದೆ ಅಂದುಕೊಂಡಿದ್ದೆ. ಆದರೆ ಪತ್ರಗಳು ಬಂದಿವೆ! ಒಂದೇ ವಿಷಯ ಕೇಳಿದವರನ್ನು ಒಟ್ಟಿಗೆ ಸೇರಿಸಿ ಉತ್ತರ ಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ಶಾಕ್ ಹೊಡೆಯದಿರಲಿ ಅಂತ ವೈರಿನ ಮೇಲೆ ಪ್ಲಾಸ್ಟಿಕ್ ಹಾಕುತ್ತಾರೆ. ನೀವು ನೋಡಿದರೆ ಪ್ಲಾಸ್ಟಿಕ್ಕೇ ಕರೆಂಟು ಹರಿಸುತ್ತದೆ ಅಂತೀರಿ. ಯಾವುದು ನಿಜ?

ಎರಡೂ ನಿಜ. ವೈರಿನ ಮೇಲಿನ ಪ್ಲಾಸ್ಟಿಕ್‌ನಲ್ಲಿ ಕಾರ್ಬನ್ ಪರಮಾಣುಗಳು ಒಂಟಿ ಬಂಧಗಳಿಂದ ಸಾಲಾಗಿ ಕೂಡಿಕೊಂಡಿರುತ್ತವೆ. ಅಲ್ಲಿನ ಎಲೆಕ್ಟ್ರಾನುಗಳು ತಮ್ಮ ತಮ್ಮ ಜಾಗದಲ್ಲಿ ಬಿಗಿಯಾಗಿ ಕೂತಿರುತ್ತವೆ, ಅಲ್ಲಾಡುವುದಿಲ್ಲ. ನಮ್ಮ ಪಾಲಿಮರ್‌ನಲ್ಲಿ ಒಂಟಿ ಬಂಧ, ಜೋಡಿ ಬಂಧ, ಮತ್ತೆ ಒಂಟಿ, ಮತ್ತೆ ಜೋಡಿ. ಸರಪಳಿಯ ಉದ್ದಕ್ಕೂ ಹೀಗೇ. ಜೋಡಿ ಬಂಧದಲ್ಲಿರುವ ಹೆಚ್ಚಿನ ಎಲೆಕ್ಟ್ರಾನುಗಳು ಸ್ವಲ್ಪ ಸಡಿಲ. ಅವು ಇಂಥ ಪರಮಾಣುವಿನದೇ ಅಂತ ಹೇಳಲಾಗದ ಹಾಗೆ ಸರಪಳಿಯ ಮೇಲೆ ಹರಡಿಕೊಳ್ಳುತ್ತವೆ. ದಾರಿ ಸಿಕ್ಕರೆ ಓಡುತ್ತವೆ.

ಇದು ಗೊತ್ತಾಗಿದ್ದರ ಹಿಂದೆ ಒಂದು ತಪ್ಪಿದೆ. ಜಪಾನಿನ ಹಿಡೆಕಿ ಶಿರಾಕಾವಾ ಅವರ ಲ್ಯಾಬಿನಲ್ಲಿ ಪಾಲಿಅಸಿಟಿಲೀನ್ ಎಂಬ ಇಂಥದೇ ಪಾಲಿಮರ್ ತಯಾರಿಸುವಾಗ ಯಾರೋ ವೇಗವರ್ಧಕವನ್ನು ಹೇಳಿದ್ದಕ್ಕಿಂತ ಸಾವಿರ ಪಟ್ಟು ಜಾಸ್ತಿ ಹಾಕಿಬಿಟ್ಟರು. ಕಪ್ಪು ಪುಡಿ ಬರಬೇಕಾಗಿದ್ದ ಕಡೆ ಬೆಳ್ಳಿಯಂತೆ ಹೊಳೆಯುವ ಹಾಳೆ ಬಂತು. ಮುಂದೆ ಅವರು ಅಮೆರಿಕದ ಅಲನ್ ಮ್ಯಾಕ್‌ಡಿಯಾರ್ಮಿಡ್ ಮತ್ತು ಅಲನ್ ಹೀಗರ್ ಜೊತೆ ಸೇರಿದರು. 1977ರಲ್ಲಿ ಆ ಹಾಳೆಗೆ ಅಯೋಡಿನ್ ಆವಿ ತಾಗಿಸಿದಾಗ ಅದು ವಿದ್ಯುತ್ ಹರಿಸುವ ಶಕ್ತಿ ಕೋಟಿಗಟ್ಟಲೆ ಪಟ್ಟು ಏರಿತು. 2000ದಲ್ಲಿ ಮೂವರಿಗೂ ರಸಾಯನಶಾಸ್ತ್ರದ ನೊಬೆಲ್ ಬಂತು. ತೂಕ ಮಾಡುವಾಗ ತಪ್ಪು ಮಾಡಿದ ವಿದ್ಯಾರ್ಥಿಗಳೆಲ್ಲ ನನಗೆ ಈ ಕಥೆ ಹೇಳುತ್ತಾರೆ. ನಾನು ಅವರಿಗೆ ಹೇಳುವುದು ಒಂದೇ: ಅಲ್ಲಿ ತಪ್ಪಾದ ಮೇಲೆ ಅದು ಏನು ಅಂತ ನೋಡಿದರು, ನೀವು ಫ್ಲಾಸ್ಕ್ ತೊಳೆದಿಟ್ಟಿದ್ದೀರಿ.

ಅಯೋಡಿನ್ ತಾಗಿಸಿದ್ದು ಲೋಹದಂತಾಯಿತು. ನಮಗೆ ಬೇಕಾದದ್ದು ಅದಲ್ಲ. ಏನೂ ಬೆರೆಸದ, ಅರೆವಾಹಕವಾಗಿಯೇ ಉಳಿದ ಪಾಲಿಮರ್ ಬೇಕು. ಸುಮ್ಮನೆ ಬಿಟ್ಟರೆ ಅದರಲ್ಲಿ ಕರೆಂಟಿಲ್ಲ, ಬೆಳಕು ಬಿದ್ದರೆ ಇದೆ. ಇದೇ ಸೆನ್ಸರ್‌ನ ಒಟ್ಟು ಕಥೆ.

ಪ್ರಶ್ನೆ: ಬೆಳಕಿನಿಂದ ಕರೆಂಟು ಬರುತ್ತದೆ ಅಂದರೆ ಇದು ಸೋಲಾರ್ ಸೆಲ್ಲೇ ಅಲ್ವಾ? ಬೇರೆ ಹೆಸರು ಯಾಕೆ?

ಈ ಪ್ರಶ್ನೆಯನ್ನು ನಮ್ಮ ಕ್ಷೇತ್ರದವರೂ ಕೇಳುತ್ತಾರೆ. ಸೋಲಾರ್ ಸೆಲ್‌ಗೆ ಅಂತ ಮಾಡಿದ ಪಾಲಿಮರನ್ನು ತಂದು ಸೆನ್ಸರ್ ಮಾಡಿ ಕೈ ಸುಟ್ಟುಕೊಂಡವರು ಬಹಳ. ನಾನೂ ಅವರಲ್ಲಿ ಒಬ್ಬಳು. ಆದ್ದರಿಂದ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಮೊದಲ ಅರ್ಧ ಎರಡಕ್ಕೂ ಒಂದೇ. ಬೆಳಕು ಪಾಲಿಮರಿಗೆ ಬಡಿದಾಗ ಒಂದು ಎಲೆಕ್ಟ್ರಾನು ಮೇಲಿನ ಮೆಟ್ಟಿಲಿಗೆ ಹಾರುತ್ತದೆ. ಕೆಳಗೆ ಖಾಲಿ ಜಾಗ ಉಳಿಯುತ್ತದೆ. ಸಿಲಿಕಾನ್‌ನಲ್ಲಾದರೆ ಇವೆರಡೂ ತಕ್ಷಣ ಬೇರೆಯಾಗಿ ತಮ್ಮ ದಾರಿ ಹಿಡಿಯುತ್ತವೆ. ಪಾಲಿಮರ್‌ನಲ್ಲಿ ಹಾಗಲ್ಲ. ಎಲೆಕ್ಟ್ರಾನು ಮತ್ತು ಆ ಖಾಲಿ ಜಾಗ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡು ಜೋಡಿಯಾಗಿ ತಿರುಗುತ್ತವೆ. ಈ ಜೋಡಿಗೆ ಎಕ್ಸಿಟಾನ್ ಅಂತ ಹೆಸರು. ಸುಮಾರು 10 ನ್ಯಾನೋಮೀಟರ್ ಹೋಗುವಷ್ಟರಲ್ಲಿ ಮತ್ತೆ ಕೂಡಿ ಸತ್ತೇ ಹೋಗುತ್ತವೆ. ತಲೆಕೂದಲಿನ ದಪ್ಪ ಹತ್ತಿರ ಹತ್ತಿರ 80,000 ನ್ಯಾನೋಮೀಟರ್. ಇವುಗಳ ಪ್ರಯಾಣ ಎಷ್ಟು ಸಣ್ಣದು ಲೆಕ್ಕ ಹಾಕಿ.

ಅಷ್ಟು ದೂರದೊಳಗೆ ಎಲೆಕ್ಟ್ರಾನನ್ನು ಕಿತ್ತುಕೊಳ್ಳುವ ಇನ್ನೊಂದು ವಸ್ತು ಪಕ್ಕದಲ್ಲೇ ಇರಬೇಕು. 1992ರಲ್ಲಿ ಸರಿಚಿಫ್ಚಿ, ಹೀಗರ್ ಮತ್ತು ಅವರ ಜೊತೆಗಾರರು ಸಿ60 ಎಂಬ ಚೆಂಡಿನಾಕಾರದ ಕಾರ್ಬನ್ ಅಣು ಈ ಕೆಲಸ ಚೆನ್ನಾಗಿ ಮಾಡುತ್ತದೆ ಅಂತ ತೋರಿಸಿದರು. ಎರಡನ್ನೂ ಒಂದೇ ದ್ರಾವಕದಲ್ಲಿ ಕರಗಿಸಿ, ಗಾಜಿನ ಮೇಲೆ ಹನಿ ಹಾಕಿ ಗಿರ್ರನೆ ತಿರುಗಿಸಿದರೆ ತೆಳುವಾದ ಪದರ ಆಗುತ್ತದೆ. ಒಳಗೆ ಎರಡೂ ವಸ್ತುಗಳು ನೂಲಿನಂತೆ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಇವತ್ತಿಗೂ ಹೆಚ್ಚಿನವರು ಮಾಡುವುದು ಇದನ್ನೇ.

ಇನ್ನು ಉಳಿದರ್ಧ. ಸೋಲಾರ್ ಸೆಲ್ ಕೆಲಸ ಮಾಡುವುದು ಸುಡುಬಿಸಿಲಿನಲ್ಲಿ. ಅಲ್ಲಿ ಬೆಳಕಿನಿಂದ ಬರುವ ಕರೆಂಟು ಧಾರಾಳ. ಒಂದಿಷ್ಟು ಕಳ್ಳದಾರಿಯಲ್ಲಿ ಸೋರಿದರೂ ಯಾರೂ ಕೇಳುವುದಿಲ್ಲ. ಸೆನ್ಸರ್ ಹಾಗಲ್ಲ. ನಾಡಿ ನೋಡುವ ಸೆನ್ಸರ್ ಆದರೆ, ಬೆರಳಿನ ಮೂಲಕ ಹಾದು ಬಂದ ಚೂರುಪಾರು ಬೆಳಕನ್ನು ಅದು ಗುರುತಿಸಬೇಕು. ಅದೂ ಸಾಲದು ಅಂತ ನಾವು ಅದಕ್ಕೆ ಹಿಮ್ಮುಖವಾಗಿ ವೋಲ್ಟೇಜ್ ಕೊಡುತ್ತೇವೆ, ಹುಟ್ಟಿದ ಎಲೆಕ್ಟ್ರಾನುಗಳನ್ನು ಬೇಗ ಹೊರಗೆಳೆಯಲು. ಆ ವೋಲ್ಟೇಜ್ ಕತ್ತಲಲ್ಲೂ ಎಳೆಯುತ್ತಲೇ ಇರುತ್ತದೆ. ಬೆಳಕೇ ಇಲ್ಲದಾಗ ಹರಿಯುವ ಈ ಕರೆಂಟಿಗೆ ಡಾರ್ಕ್ ಕರೆಂಟ್ ಅನ್ನುತ್ತೇವೆ. ಬರೀ 1 ನ್ಯಾನೋಆಂಪಿಯರ್ ಅಂದರೂ ಸೆಕೆಂಡಿಗೆ 600 ಕೋಟಿಗೂ ಹೆಚ್ಚು ಎಲೆಕ್ಟ್ರಾನುಗಳು. ಸಂತೆಯ ಗದ್ದಲದಲ್ಲಿ ಪಿಸುಮಾತು ಕೇಳಿಸೀತೇ?

ಆದ್ದರಿಂದ ಯಾರಾದರೂ ಹೊಸ ಪಾಲಿಮರ್ ತೋರಿಸಿ "ಬೆಳಕಿನಲ್ಲಿ ಇಷ್ಟು ಕರೆಂಟ್ ಕೊಡುತ್ತೆ" ಅಂದರೆ ನಾನು ಕೇಳುವುದು ಕತ್ತಲಲ್ಲಿ ಎಷ್ಟು ಅಂತ. ಮುಖ ಬಾಡುತ್ತದೆ.

ನನ್ನ ಮುಖವೂ ಒಮ್ಮೆ ಬಾಡಿದೆ. ಒಂದು ಪಾಲಿಮರ್‌ನ ಡಾರ್ಕ್ ಕರೆಂಟ್ ಮೂರು ವಾರ ಇಳಿಯಲೇ ಇಲ್ಲ. ಶುದ್ಧ ಮಾಡಿದೆ, ಪದರ ದಪ್ಪ ಮಾಡಿದೆ, ಎಲೆಕ್ಟ್ರೋಡ್ ಬದಲಿಸಿದೆ. ಏನೂ ಆಗಲಿಲ್ಲ. ಒಂದು ಸಂಜೆ ರೂಮಿನ ಲೈಟು ಹೋಯಿತು. ಯುಪಿಎಸ್ ಮೇಲೆ ಮೀಟರ್ ಮತ್ತು ಅಳತೆ ಪೆಟ್ಟಿಗೆ ಮಾತ್ರ ಓಡುತ್ತಿದ್ದವು. ಪೆಟ್ಟಿಗೆಯ ಒಳಗಿನಿಂದ ಸಣ್ಣ ಕೆಂಪು ಬೆಳಕು ಕಾಣಿಸಿತು. ಒಳಗಿನ ಹೀಟರ್‌ನ ಇಂಡಿಕೇಟರ್ ದೀಪ! ನನ್ನ ಸೆನ್ಸರ್ ಮೂರು ವಾರದಿಂದ ಸರಿಯಾಗಿ ಅದನ್ನೇ ಅಳೆಯುತ್ತಿತ್ತು. ಕಪ್ಪು ಟೇಪ್ ಅಂಟಿಸಿದೆ. ಸರಿಹೋಯಿತು.

ಪ್ರಶ್ನೆ: ಇನ್‌ಫ್ರಾರೆಡ್ ಕಾಣುವ ಪಾಲಿಮರ್ ಬೇಕು ಅಂದರೆ ಅದನ್ನು ಹೇಗೆ ಯೋಚಿಸಿ ಮಾಡುತ್ತೀರಿ? ಸುಮ್ನೆ ಬೆರೆಸಿ ನೋಡುತ್ತೀರಾ?

ಸುಮ್ನೆ ಬೆರೆಸುವ ಕಾಲ ಮುಗಿದು ಬಹಳ ದಿನ ಆಯಿತು. ಎಲೆಕ್ಟ್ರಾನು ಹಾರಬೇಕಾದ ಮೆಟ್ಟಿಲಿನ ಎತ್ತರಕ್ಕೆ ಬ್ಯಾಂಡ್ ಗ್ಯಾಪ್ ಅಂತ ಹೆಸರು. ಅದನ್ನು ಎಲೆಕ್ಟ್ರಾನ್‌ವೋಲ್ಟ್ ಎಂಬ ಶಕ್ತಿಯ ಅಳತೆಯಲ್ಲಿ ಹೇಳುತ್ತೇವೆ. 1240ನ್ನು ಆ ಎತ್ತರದಿಂದ ಭಾಗಿಸಿದರೆ ಎಷ್ಟು ನ್ಯಾನೋಮೀಟರ್ ತರಂಗದವರೆಗೆ ಪಾಲಿಮರಿಗೆ ಕಾಣುತ್ತದೆ ಅನ್ನುವುದು ಸಿಗುತ್ತದೆ. ನಮ್ಮ ಕ್ಷೇತ್ರದ ಹಳೇ ಕುದುರೆ ಪಿ3ಎಚ್‌ಟಿ ಎಂಬ ಪಾಲಿಮರ್. ಅದರ ಗ್ಯಾಪ್ ಸುಮಾರು 1.9 ಎಲೆಕ್ಟ್ರಾನ್‌ವೋಲ್ಟ್. ಭಾಗಿಸಿ ನೋಡಿ, 650 ನ್ಯಾನೋಮೀಟರ್ ಬರುತ್ತದೆ. ಕೆಂಪಿಗೇ ಅದರ ಕಣ್ಣು ಮುಗಿಯಿತು. ಕೆಂಪಿನಾಚೆಯ ಇನ್‌ಫ್ರಾರೆಡ್, ಉದಾಹರಣೆಗೆ 940 ನ್ಯಾನೋಮೀಟರ್, ಕಾಣಬೇಕಾದರೆ ಗ್ಯಾಪನ್ನು 1.3ಕ್ಕೆ ಇಳಿಸಬೇಕು.

ಇಳಿಸುವ ಉಪಾಯ ಹೀಗೆ. ಸರಪಳಿಯಲ್ಲಿ ಎರಡು ಬಗೆಯ ಮಣಿಗಳನ್ನು, ಅಂದರೆ ಸಣ್ಣ ಅಣುಗಳನ್ನು, ಒಂದಾದ ಮೇಲೊಂದು ಪೋಣಿಸುತ್ತೇವೆ. ಒಂದು ಎಲೆಕ್ಟ್ರಾನು ಕೊಡುವ ಉದಾರಿ, ಇನ್ನೊಂದು ಕಸಿದುಕೊಳ್ಳುವ ದುರಾಸೆಯದು. ಪಕ್ಕಪಕ್ಕ ಕೂತಾಗ ಇವುಗಳ ನಡುವಿನ ಎಳೆದಾಟದಿಂದ ಗ್ಯಾಪ್ ಕುಗ್ಗುತ್ತದೆ. ಕೊಡುವ ಕಡೆ ಹೆಚ್ಚಾಗಿ ಗಂಧಕವಿರುವ ಥಯೋಫೀನ್ ಉಂಗುರಗಳು. ಎರಡು ಥಯೋಫೀನ್‌ಗಳ ನಡುವೆ ಒಂದು ಕಾರ್ಬನ್ ಸೇತುವೆ ಕಟ್ಟಿದರೆ ಅವು ತಿರುಚಿಕೊಳ್ಳಲಾಗದೆ ಚಪ್ಪಟೆಯಾಗಿ ಮಲಗುತ್ತವೆ, ಗ್ಯಾಪ್ ಇನ್ನೂ ಇಳಿಯುತ್ತದೆ. ಕಸಿಯುವ ಕಡೆ ಬೆಂಜೋಥಯಡಯಜೋಲ್, ಡೈಕೀಟೋಪಿರೋಲೋಪಿರೋಲ್ ಇಂಥವು. ಹೆಸರು ನೋಡಿ ಹೆದರಬೇಡಿ. ಈ ಎರಡನೆಯದರ ಜಾತಿಯದೇ ಒಂದು ಬಣ್ಣ ಕೆಂಪು ಕಾರುಗಳ ಪೇಂಟಿನಲ್ಲಿದೆ. ಬಿಸಿಲಿಗೆ ಮಾಸದ ಬಣ್ಣ ಬೇಕು ಅಂತ ಪೇಂಟಿನವರು ಬಳಸಿದ್ದನ್ನು ನಾವು ಎತ್ತಿಕೊಂಡು ಬಂದೆವು. ಇದು ನನಗೆ ತುಂಬ ಇಷ್ಟವಾದ ಕಳ್ಳತನ.

ಈ ಸರಪಳಿ ಹಾಗೇ ಬಿಟ್ಟರೆ ಇಟ್ಟಿಗೆಯ ಥರ. ಯಾವುದರಲ್ಲೂ ಕರಗುವುದಿಲ್ಲ. ಕರಗದಿದ್ದರೆ ಪದರ ಎಲ್ಲಿಂದ ಮಾಡುವುದು? ಅದಕ್ಕೇ ಪಕ್ಕಕ್ಕೆ ಎಂಟೋ ಹನ್ನೆರಡೋ ಕಾರ್ಬನ್‌ನ ಜಿಡ್ಡಿನ ಬಾಲಗಳನ್ನು ಜೋಡಿಸುತ್ತೇವೆ. ಬಾಲದಿಂದ ಕರೆಂಟೇನೂ ಬರುವುದಿಲ್ಲ. ಆದರೂ ನನ್ನ ಅರ್ಧ ಆಯುಸ್ಸು ಬಾಲಕ್ಕೇ ಹೋಗಿದೆ. ಗಿಡ್ಡವಾದರೆ ಕರಗಲ್ಲ. ತುಂಬ ಉದ್ದವಾದರೆ, ಕವಲು ಜಾಸ್ತಿಯಾದರೆ, ಸರಪಳಿಗಳು ಒಂದಕ್ಕೊಂದು ಒತ್ತಿ ಕೂರಲ್ಲ. ಎಲೆಕ್ಟ್ರಾನು ಪಕ್ಕದ ಸರಪಳಿಗೆ ಹಾರಲು ಆಗಲ್ಲ.

ಗ್ಯಾಪ್ ಇಳಿಸಿದ್ದಾಯಿತು, ಕರಗಿದ್ದೂ ಆಯಿತು ಅಂದುಕೊಳ್ಳಿ. ಈಗ ಬೆಲೆ ತೆರಬೇಕು. ಮೆಟ್ಟಿಲು ಗಿಡ್ಡವಾದಷ್ಟೂ ಎಲೆಕ್ಟ್ರಾನುಗಳು ಬೆಳಕೇ ಇಲ್ಲದೆ, ರೂಮಿನ ಶಾಖದಿಂದಲೇ ಹತ್ತಿಬಿಡುತ್ತವೆ. ಪದರದಲ್ಲಿ ದೋಷಗಳಿದ್ದರೆ ಅವೇ ನಡುವೆ ಕಾಲಿಡುವ ಕಲ್ಲಾಗುತ್ತವೆ. ಇನ್ನೂ ದೂರದ ಇನ್‌ಫ್ರಾರೆಡ್ ಬೇಕು ಅಂದಷ್ಟೂ ಕತ್ತಲಿನ ಗದ್ದಲ ಹೆಚ್ಚು. 2009ರಲ್ಲಿ ಹೀಗರ್ ಗುಂಪು 300ರಿಂದ 1450 ನ್ಯಾನೋಮೀಟರ್‌ವರೆಗೆ ಕಾಣುವ ಪಾಲಿಮರ್ ಸೆನ್ಸರ್ ತೋರಿಸಿತು. ಸಿಲಿಕಾನ್‌ನ ಕಣ್ಣು 1100ರ ಆಸುಪಾಸು ಮುಗಿಯುತ್ತದೆ. ಆಗ ನಮಗೆಲ್ಲ ರೆಕ್ಕೆ ಬಂದ ಹಾಗಾಗಿತ್ತು. ಅವರ ಸೆನ್ಸರ್‌ನಲ್ಲಿ ಪಾಲಿಮರ್‌ನ ಎರಡೂ ಬದಿ ತಡೆ ಪದರಗಳಿದ್ದವು, ಎಲೆಕ್ಟ್ರೋಡಿನಿಂದ ಬೇಡದ ಕರೆಂಟು ಒಳಗೆ ನುಗ್ಗದಂತೆ. ಬರೀ ಪಾಲಿಮರ್ ನೋಡಿ ಮರುಳಾದವರು ಇದನ್ನು ಓದಲೇ ಇಲ್ಲ.

ಇತ್ತೀಚೆಗೆ ಹೊರೆ ಸ್ವಲ್ಪ ಕಡಿಮೆಯಾಗಿದೆ. 2019ರಲ್ಲಿ ಬಂದ ವೈ6 ಎಂಬ ಅಣು, ಸಿ60 ಬಂಧುಗಳ ಜಾಗದಲ್ಲಿ ಎಲೆಕ್ಟ್ರಾನು ಕಸಿಯುವುದರ ಜೊತೆಗೆ ತಾನೇ 900 ನ್ಯಾನೋಮೀಟರ್‌ವರೆಗೂ ಬೆಳಕು ಹೀರುತ್ತದೆ. ಇನ್‌ಫ್ರಾರೆಡ್ ಕೆಲಸ ಅದಕ್ಕೆ ಒಪ್ಪಿಸಿ ಪಾಲಿಮರನ್ನು ಗಟ್ಟಿಮುಟ್ಟಾಗಿ, ಶಾಂತವಾಗಿ ಮಾಡುವುದಕ್ಕೆ ಗಮನ ಕೊಡಬಹುದು.

ಪ್ರಶ್ನೆ: ನಾನು ಪಿಎಚ್‌ಡಿ ಮೊದಲ ವರ್ಷ. ಮೊದಲ ಬ್ಯಾಚ್ ಪಾಲಿಮರ್ ಚೆನ್ನಾಗಿತ್ತು. ಎರಡನೆಯದನ್ನು ಅದೇ ಕ್ರಮದಲ್ಲಿ ಮಾಡಿದೆ, ಡಾರ್ಕ್ ಕರೆಂಟ್ 100 ಪಟ್ಟು ಬರುತ್ತಿದೆ. ಗೈಡ್ ನನ್ನದೇ ತಪ್ಪು ಅಂತಾರೆ.

ಇರಬಹುದು. ಆದರೆ ಯಾವ ತಪ್ಪು ಅನ್ನುವುದು ಮುಖ್ಯ ಅಲ್ವಾ? ಮೊದಲ ಬ್ಯಾಚಿನದು ಚೂರಾದರೂ ಉಳಿದಿದೆಯಾ? ಇದ್ದರೆ ನಾಳೆ ಒಂದೇ ದಿನ, ಒಂದೇ ಗಾಜಿನ ಕಟ್ಟಿನಿಂದ, ಹಳತು ಹೊಸತು ಎರಡರಲ್ಲೂ ಸೆನ್ಸರ್ ಮಾಡಿ. ಹಳತೂ ಕೆಟ್ಟದಾಗಿ ಬಂದರೆ ಪಾಲಿಮರನ್ನು ಬೈಯಬೇಡಿ. ಗಾಜು ಸರಿಯಾಗಿ ತೊಳೆದಿಲ್ಲ, ಇಲ್ಲವೇ ಪದರ ತೆಳುವಾಗಿ ತೂತು ಬಿದ್ದಿದೆ. ಸೋಲಾರ್ ಸೆಲ್ಲಿನವರ 100 ನ್ಯಾನೋಮೀಟರ್ ದಪ್ಪವನ್ನೇ ನೀವೂ ಇಟ್ಟುಕೊಂಡಿದ್ದರೆ ಮೊದಲು 300ರ ಮೇಲೆ ಹೋಗಿ ನೋಡಿ.

ಹಳತು ಚೆನ್ನಾಗಿದ್ದು ಹೊಸತು ಮಾತ್ರ ಕೆಟ್ಟಿದ್ದರೆ ಸರಪಳಿಯ ಉದ್ದ ಅಳೆಸಿ. ಎರಡು ಬಗೆಯ ಮಣಿಗಳು ಸರಿಸಮ ಇರಬೇಕು ಅಂತ ಪುಸ್ತಕದಲ್ಲಿ ಓದಿರುತ್ತೀರಿ. ಎಷ್ಟು ಸರಿಸಮ? ನೈಲಾನ್ ಕಂಡುಹಿಡಿದ ವಾಲೇಸ್ ಕ್ಯಾರೋಥರ್ಸ್ ಅವರ ಲೆಕ್ಕ ಹಾಕಿ ನೋಡಿ. ಒಂದು ಬಗೆಯದು 1% ಕಡಿಮೆಯಾದರೆ, ಕ್ರಿಯೆ ಪೂರ್ತಿ ನಡೆದರೂ ಸರಪಳಿ ಸರಾಸರಿ 200 ಮಣಿಯ ಹತ್ತಿರ ನಿಲ್ಲುತ್ತದೆ. 5% ಕಡಿಮೆಯಾದರೆ 40ಕ್ಕೆ. ತಕ್ಕಡಿಯ ಮೇಲೆ ಫ್ಯಾನಿನ ಗಾಳಿ ಬಿದ್ದರೂ, ಮಣಿಯಲ್ಲಿ ಸ್ವಲ್ಪ ದ್ರಾವಕ ಉಳಿದಿದ್ದರೂ ಇಷ್ಟು ವ್ಯತ್ಯಾಸ ಆಗುತ್ತದೆ. ಮಣಿಗಳನ್ನು ವ್ಯಾಕ್ಯೂಮ್‌ನಲ್ಲಿ ರಾತ್ರಿಯಿಡೀ ಒಣಗಿಸಿಯೇ ತೂಗಿ.

ಇದರ ಉಲ್ಟಾ ಕೂಡ ಆಗುತ್ತದೆ. ನನ್ನ ಒಂದು ಬ್ಯಾಚಿನಲ್ಲಿ ತೂಕ ಎಷ್ಟು ಚೆನ್ನಾಗಿ ಕೂಡಿತ್ತೆಂದರೆ ಮರುದಿನ ಬೆಳಿಗ್ಗೆ ಫ್ಲಾಸ್ಕಿನಲ್ಲಿ ಹಸಿರುಗಪ್ಪು ರಬ್ಬರ್ ಮುದ್ದೆ ಕೂತಿತ್ತು. ಸರಪಳಿ ಮಿತಿಮೀರಿ ಬೆಳೆದುಬಿಟ್ಟಿತ್ತು. ಕಲಕುವ ಕಡ್ಡಿ ಅದರೊಳಗೇ ಹೂತುಹೋಗಿತ್ತು. ಬಿಸಿ ಕ್ಲೋರೋಬೆಂಜೀನ್‌ಗೂ ಜಗ್ಗಲಿಲ್ಲ. ಆ ಫ್ಲಾಸ್ಕ್ ಇನ್ನೂ ನನ್ನ ಕಪಾಟಿನಲ್ಲಿದೆ.

ಉದ್ದ ಸರಿಯಿದ್ದರೆ ಕೊನೆಯ ಅನುಮಾನ ಪಲ್ಲಾಡಿಯಮ್ ಎಂಬ ಲೋಹದ ಮೇಲೆ. ನನಗೆ ಕೇಳಿದರೆ ಮೊದಲ ಅನುಮಾನವೂ ಅದೇ. ಮಣಿಗಳನ್ನು ಕೂಡಿಸುವ ವೇಗವರ್ಧಕ ಅದು. 2010ರ ನೊಬೆಲ್ ಕೊಟ್ಟಿದ್ದು ಪಲ್ಲಾಡಿಯಮ್ ಬಳಸಿ ಕಾರ್ಬನ್‌ಗೆ ಕಾರ್ಬನ್ ಕೂಡಿಸುವ ಈ ವಿದ್ಯೆಗೇ. ಕೆಲಸ ಮುಗಿದ ಮೇಲೆ ಅದು ಹೊರಡುವುದಿಲ್ಲ, ಬಂದ ನೆಂಟ ಜಗಲಿ ಬಿಡದ ಹಾಗೆ ಪಾಲಿಮರ್‌ನೊಳಗೆ ಕಣಕಣವಾಗಿ ಕೂತಿರುತ್ತದೆ. ಸೋಲಾರ್ ಸೆಲ್ಲಿನಲ್ಲಿ ಅದರ ಕಾಟ ಅಷ್ಟಾಗಿ ಗೊತ್ತಾಗದೆ ಹೋಗಬಹುದು, ಕತ್ತಲ ಅಳತೆಯಲ್ಲಿ ತಪ್ಪಿಸಿಕೊಳ್ಳಲ್ಲ. ಲೋಹವನ್ನು ಹಿಡಿದುಕೊಳ್ಳುವ ಡೈಥಯೋಕಾರ್ಬಮೇಟ್ ಉಪ್ಪಿನ ನೀರಿನ ಜೊತೆ ಪಾಲಿಮರ್ ದ್ರಾವಣವನ್ನು ಬಿಸಿಯಾಗಿ ಕಲಕಿ, ತೊಳೆಯಿರಿ. ಆಮೇಲೆ ಸಾಕ್ಸ್‌ಲೆಟ್‌ನಲ್ಲಿ (ಬಿಸಿ ದ್ರಾವಕದಿಂದ ಮತ್ತೆ ಮತ್ತೆ ತೊಳೆಯುವ ಗಾಜಿನ ಉಪಕರಣ) ಮೆಥನಾಲ್, ಅಸಿಟೋನ್, ಹೆಕ್ಸೇನ್, ಕೊನೆಗೆ ಕ್ಲೋರೋಫಾರ್ಮ್. ಮೊದಲ ಮೂರರಲ್ಲಿ ಕಸ ಮತ್ತು ಗಿಡ್ಡ ಸರಪಳಿಗಳು ಹೋಗುತ್ತವೆ, ನಿಮ್ಮ ಪಾಲಿಮರ್ ಕ್ಲೋರೋಫಾರ್ಮ್‌ನಲ್ಲಿ ಬರುತ್ತದೆ. ಒಂದೊಂದಕ್ಕೂ ಪೂರ್ತಿ ದಿನ ಕೊಡಿ. ಊಟದ ಹೊತ್ತಿಗೆ ಮುಗಿಸುವ ಆತುರದಲ್ಲಿ ಎಷ್ಟೋ ಬ್ಯಾಚ್ ಹಾಳಾಗಿವೆ.

ಎರಡನೇ ಬ್ಯಾಚನ್ನು ಬಿಸಾಡಬೇಡಿ, ಮೊದಲನೆಯದಕ್ಕೆ ಬೆರೆಸಲೂ ಬೇಡಿ. ಗೈಡ್‌ಗೆ ಎರಡರ ಅಂಕಿಗಳನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ಮಾತು ಬದಲಾಗುತ್ತದೆ.

ಪ್ರಶ್ನೆ: ಸಿಲಿಕಾನ್ ಇರುವಾಗ ಇಷ್ಟೆಲ್ಲ ಪಾಡು ಯಾಕೆ?

ಫೋನಿನ ಕ್ಯಾಮೆರಾದಿಂದ ಸಿಲಿಕಾನನ್ನು ಓಡಿಸುತ್ತೇವೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎಲೆಕ್ಟ್ರಾನು ಎಷ್ಟು ಸಲೀಸಾಗಿ ಓಡುತ್ತದೆ ಅನ್ನುವ ಅಳತೆಯಲ್ಲಿ ಸಿಲಿಕಾನ್‌ಗೆ 1400. ನಮ್ಮ ಪಾಲಿಮರ್ 1 ಮುಟ್ಟಿದರೆ ಲ್ಯಾಬಿನಲ್ಲಿ ಹಬ್ಬ.

ಆದರೆ ಸಿಲಿಕಾನ್ ಗಡಸು. ಬೆಳಕು ಹೀರುವುದರಲ್ಲಿ ಸೋಮಾರಿ, ಅದಕ್ಕೇ ದಪ್ಪ ಬೇಕು. ಪಾಲಿಮರ್‌ಗೆ ಕೆಲವು ನೂರು ನ್ಯಾನೋಮೀಟರ್ ಸಾಕು. ಶಾಯಿಯಂತೆ ಮುದ್ರಿಸಬಹುದು. ಮಡಚುವ ಹಾಳೆಯ ಮೇಲೆ, ಅಂಗೈಯಗಲಕ್ಕೆ, ಎದೆಯಗಲಕ್ಕೆ. ಚರ್ಮಕ್ಕೆ ಅಂಟಿಸಿ ನಾಡಿ ನೋಡುವ ಪಟ್ಟಿ, ಎಕ್ಸ್‌ರೇ ಫಲಕ, ಇಂಥ ಕಡೆ ಇದಕ್ಕೆ ಜಾಗ ಇದೆ. 2014ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಗುಂಪೊಂದು ದೀಪ, ಸೆನ್ಸರ್ ಎರಡೂ ಆರ್ಗ್ಯಾನಿಕ್, ಅಂದರೆ ಇಂಥ ಕಾರ್ಬನ್ ವಸ್ತುಗಳದೇ, ಆಗಿರುವ ಆಕ್ಸಿಮೀಟರ್ ಮಾಡಿತು. ರಕ್ತದ ಆಮ್ಲಜನಕ ಅಳೆಯುವ ಮಾಮೂಲಿ ಕ್ಲಿಪ್‌ಗಳಲ್ಲಿ ಕೆಂಪು ಮತ್ತು ಇನ್‌ಫ್ರಾರೆಡ್ ದೀಪ ಇರುತ್ತವೆ. ಇವರು ಇನ್‌ಫ್ರಾರೆಡ್ ಬಿಟ್ಟು ಕೆಂಪು ಮತ್ತು ಹಸಿರಿನಲ್ಲೇ ಕೆಲಸ ಮುಗಿಸಿದರು. ಪಾಲಿಮರ್ ಕಣ್ಣಿಗೆ ಕಾಣದ್ದನ್ನು ಕಾಣಿಸಲು ಹೋಗದೆ, ಕಾಣುವುದರಲ್ಲೇ ಲೆಕ್ಕ ಬದಲಿಸಿದರು. ಜಾಣತನ ಅಂದರೆ ಇದು.

ಪ್ರಶ್ನೆ: ಇದೂ ಪ್ಲಾಸ್ಟಿಕ್ಕೇ ತಾನೆ? ಇನ್ನಷ್ಟು ಕಸ ಸೇರಿಸುತ್ತಿದ್ದೀರಾ?

ಒಂದು ಚದರ ಮೀಟರ್‌ಗೆ 300 ನ್ಯಾನೋಮೀಟರ್ ದಪ್ಪ ಬಳಿದರೆ ಆಗುವುದು ಗ್ರಾಮಿನ ಮೂರನೇ ಒಂದು ಭಾಗ. ಅದು ನನ್ನ ಚಿಂತೆಯಲ್ಲ. ಬಳಿಯಲು ಬಳಸುವ ಕ್ಲೋರಿನ್ ಇರುವ ದ್ರಾವಕಗಳು, ಮಣಿಗಳನ್ನು ಕೂಡಿಸುವ ಸ್ಟಿಲ್ ಕ್ರಿಯೆಯ ವಿಷಕಾರಿ ತವರದ ಸಂಯುಕ್ತಗಳು, ಇವು ಚಿಂತೆ. ತವರವಿಲ್ಲದ ದಾರಿಗಳು ಬಂದಿವೆ. ನನ್ನ ಹುಡುಗರಿಗೆ ಈಗ ಅದನ್ನೇ ಮೊದಲು ಕಲಿಸುತ್ತೇನೆ.

ಪ್ರಶ್ನೆ: ಆಂಟಿ, ನಾನು ಒಂಬತ್ತನೇ ಕ್ಲಾಸು. ಇದನ್ನು ಮನೆಯಲ್ಲಿ ಮಾಡಬಹುದಾ?

ಪಾಲಿಮರ್ ಬೇಡ ಕಣಮ್ಮ, ಆ ರಾಸಾಯನಿಕಗಳು ಮನೆಗೆ ಬರಬಾರದು. ಬೇರೊಂದು ಮಾಡು. ಪಾರದರ್ಶಕ ಹೊದಿಕೆಯ ಒಂದು ಕೆಂಪು ಎಲ್‌ಇಡಿ ತಗೋ. ಡಿಜಿಟಲ್ ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಅದರ ಎರಡು ಕಾಲಿಗೆ ಜೋಡಿಸು. ಬ್ಯಾಟರಿ ಬೇಡ. ಬಿಸಿಲಿಗೆ ಹಿಡಿದರೆ 1 ವೋಲ್ಟಿಗಿಂತ ಜಾಸ್ತಿ ತೋರಿಸುತ್ತದೆ. ಬೆಳಕು ಕೊಡುವ ಡಯೋಡೇ ಬೆಳಕು ಹಿಡಿಯುವ ಡಯೋಡೂ ಆಗುತ್ತದೆ. ಹಸಿರು ಟಾರ್ಚ್ ಹಿಡಿದು ನೋಡು, ಆಮೇಲೆ ಟಿವಿ ರಿಮೋಟ್ ಒತ್ತಿ ನೋಡು. ರಿಮೋಟಿನ ಇನ್‌ಫ್ರಾರೆಡ್ ಅದಕ್ಕೆ ಕಾಣುವುದಿಲ್ಲ. ಯಾಕೆ ಅನ್ನುವುದು ಮೇಲಿನ ಮೆಟ್ಟಿಲಿನ ಲೆಕ್ಕದಲ್ಲಿದೆ.

ಆದರೆ ಇದೆಲ್ಲ ಮಾಡುವ ಮೊದಲು ಎಲ್‌ಇಡಿಯನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿ, ಮೀಟರ್ ಎಷ್ಟು ತೋರಿಸುತ್ತದೆ ಅಂತ ನೋಟ್‌ಬುಕ್‌ನ ಮೊದಲ ಸಾಲಿನಲ್ಲಿ ಬರೆದುಕೋ. ನನಗೆ ಪತ್ರ ಬರೆಯುವಾಗ ಆ ಅಂಕಿಯನ್ನೂ ಕಳಿಸು.